ಕೂಗಿದರೆ ಕೇಳದ ಮೈಕು

"ಈಗ? ಈಗ ಕೇಳಿಸ್ತಾ?"

ಸೋಫಾ ರಿಪೇರಿಯವನು ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೂಗಿದ ರಭಸಕ್ಕೆ ಮೇಜಿನ ಮೇಲಿದ್ದ ಮೊಳೆಗಳ ಡಬ್ಬಿ ಗಲಗಲ ಅಂದಿತು. ಪರದೆಯೊಳಗೆ ಮಗಳು ತನ್ನ ಕಿವಿಯನ್ನು ಆಚೆ ಕಡೆಯ ಲ್ಯಾಪ್‌ಟಾಪಿಗೆ ಒತ್ತಿಕೊಂಡಿದ್ದಳು. ಅವನಿಗೆ ಕಾಣುತ್ತಿದ್ದುದು ಒಂದು ಜಡೆ, ಒಂದು ಕಿವಿ, ಅದರಲ್ಲೊಂದು ಪುಟ್ಟ ಓಲೆ, ಅಷ್ಟೆ. ಕಿವಿ ಸ್ವಲ್ಪ ಹೊತ್ತು ಕಾದು ನೋಡಿತು. ಆಮೇಲೆ ಹಿಂದೆ ಸರಿದು ಮುಖವಾಯಿತು.

"ಇಲ್ಲಪ್ಪ. ಮೊದ್ಲು ಟರ್ರ್ ಅಂತು. ಆಮೇಲೆ ಏನೂ ಇಲ್ಲ. ಬರೀ ಬಾಯಿ ಆಡ್ತಿದೆ ನಿಂದು, ಮೀನಿನ ಥರ."

ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಮೈಕನ್ನು ಬೆರಳಿಂದ ಕುಟ್ಟಿದ, ಊದಿದ, ಬಾಯಿಗೇ ಇಟ್ಟುಕೊಂಡು ಕೂಗಿದ. ಮಗಳು ಇಲ್ಲ ಇಲ್ಲ ಎಂದು ತಲೆ ಆಡಿಸುತ್ತಲೇ ಇದ್ದಳು. ಕೊನೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಕಪ್ಪು ರೆಕ್ಸಿನ್ ತುಂಡಿನ ಮೇಲೆ 'ಪರೀಕ್ಷೆ ಹೇಗಾಯ್ತು?' ಎಂದು ದಪ್ಪಕ್ಷರದಲ್ಲಿ ಬರೆದು ಕ್ಯಾಮರಾಕ್ಕೆ ಹಿಡಿದ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ "ಚೆನ್ನಾಗಾಯ್ತು" ಎಂದಳು. ಅಪ್ಪ ಮಗಳ ವಾರದ ಮಾತುಕತೆ ರೆಕ್ಸಿನ್ ತುಂಡಿಗೆ ಬಂದು ನಿಂತಿತ್ತು.

ಹಳೆಯ ಫೋನು ಕೆಟ್ಟು, ಗಿರಾಕಿಯೊಬ್ಬರು ಬೇಡವೆಂದು ಕೊಟ್ಟ ಲ್ಯಾಪ್‌ಟಾಪಿಗೆ ಬಂದ ಮೇಲಿಂದ ಇದೇ ಪಾಡು. ಫೋನಿದ್ದಾಗಲೂ ದೊಡ್ಡ ಸುಖವೇನಿರಲಿಲ್ಲ. ಅವನ ದನಿಗೆ ಹೆದರಿ ಮಗಳ ತಾಯಿ ಫೋನನ್ನು ಮೊಳ ದೂರ ಹಿಡಿಯುತ್ತಿದ್ದಳು. ಆದರೂ ಕೇಳುವುದಂತೂ ಕೇಳುತ್ತಿತ್ತು. ಮಗಳು ತಾಯಿಯ ಜೊತೆ ಬೇರೆ ಊರಿನಲ್ಲಿದ್ದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲಿನ ಈ ಕರೆಯೊಂದೇ ಅವರಿಬ್ಬರ ನಡುವೆ ಉಳಿದಿದ್ದ ದಾರಿ. ಅದಕ್ಕಾಗಿ ಅವನು ಶನಿವಾರವೇ ಗಡ್ಡ ಹೆರೆದುಕೊಳ್ಳುತ್ತಿದ್ದ, ಇಸ್ತ್ರಿಯ ಅಂಗಿ ತೆಗೆದಿಡುತ್ತಿದ್ದ. ಹೋದ ವಾರ ಹೊಸ ಮೈಕು ಬೇರೆ ತಂದಿದ್ದ. ಹಳೆಯದಕ್ಕೂ ಇದಕ್ಕೂ ಇದ್ದ ವ್ಯತ್ಯಾಸವೆಂದರೆ ಇದರ ವೈರು ಉದ್ದವಾಗಿತ್ತು.

ವೈರೇ ಸಡಿಲವಾಗಿರಬೇಕು ಎಂದುಕೊಂಡು ಮೇಜಿನ ಕೆಳಗೆ ತೂರಿದ. ಅದೊಂದು ಮಹಡಿಯ ಮೇಲಿನ ಕೋಣೆ. ಕೆಳಗೆ ಸದಾ ಬೀಗ ಹಾಕಿದ ಗೋದಾಮು, ಮೇಲೆ ಹಲಗೆಯ ನೆಲ. ಗೋಡೆಗೆ ಒರಗಿಸಿಟ್ಟ ಫೋಮಿನ ಹಾಳೆಗಳು, ಬಟ್ಟೆಯ ಸುರುಳಿಗಳು, ಹೊಟ್ಟೆ ಬಗೆದಿಟ್ಟ ಸೋಫಾಗಳು. ಬೀದಿಯ ಸದ್ದೆಲ್ಲ ಆ ಫೋಮಿನೊಳಗೆ ಇಂಗಿಹೋಗುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ವೈರು ತಡವಿದ. ಅವನು ಬಾಯಿ ಮುಚ್ಚಿಕೊಂಡಿರುವುದೇ ಅಪರೂಪವಾದ್ದರಿಂದ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗೆ ಅನಿಸಿತು.

ಸ್ಪೀಕರಿನಲ್ಲಿ ಮಗಳು ಕಿಲಕಿಲ ನಕ್ಕಳು.

"ಅಜ್ಜಿ ಎದ್ದಿದಾಳೆ! ಅಪ್ಪಾ, ಈಗ ಚೆನ್ನಾಗಿ ಕೇಳ್ತಿದೆ. ಕುರ್ಚಿ ತಟ್ತಿದಾಳೆ." ಆಮೇಲೆ ಅವನಿಗಲ್ಲದೆ ಬೇರೆ ಯಾರಿಗೋ ಹೇಳುವ ದನಿಯಲ್ಲಿ, "ಹೂಂ ಅಜ್ಜಿ, ನಾನೇ, ಇಲಿಮರಿ."

ಗಾಬರಿಯಿಂದ ಎದ್ದವನ ತಲೆ ಮೇಜಿಗೆ ಬಡಿಯಿತು. ಮೂಲೆಯಲ್ಲಿ ಅಮ್ಮನ ಕುರ್ಚಿ ಇತ್ತು. ಅದರ ಕೈಯ ಮೇಲೆ ಅವಳು ಹೊದೆಯುತ್ತಿದ್ದ ಶಾಲು ಮಡಿಸಿಟ್ಟಲ್ಲೇ ಇತ್ತು. ಕುರ್ಚಿ ಖಾಲಿ. ಅವನ ಕಿವಿಗೆ ಏನೆಂದರೆ ಏನೂ ಬೀಳಲಿಲ್ಲ.

"ಯಾವ ಅಜ್ಜಿ? ಎಲ್ಲಿ ಅಜ್ಜಿ?" ಎಂದು ಕೂಗಿದ.

"ಹೋಯ್ತು," ಎಂದು ಮಗಳು ಮುಖ ಸಣ್ಣದು ಮಾಡಿಕೊಂಡಳು. "ಟರ್ರ್ ಅಂತು, ಹೋಯ್ತು. ಏನೋ ಹೇಳ್ತಿದ್ಲು ಅಪ್ಪ."

ಅಜ್ಜಿ ತೀರಿಕೊಂಡು ಒಂದು ಮಳೆಗಾಲವೇ ಕಳೆದಿತ್ತು. ಅದು ಅವನಿಗೆ ಗೊತ್ತು, ಅವನ ಹೆಂಡತಿಗೆ ಗೊತ್ತು. ಮಗಳಿಗೆ ಮಾತ್ರ ಗೊತ್ತಿರಲಿಲ್ಲ.

ಪರದೆಯೊಳಕ್ಕೆ ಹೆಂಡತಿಯ ಕೈ ಬಂತು. ಮಗಳನ್ನು ಎಬ್ಬಿಸಿ ಒಳಗೆ ಕಳಿಸಿ, ಆ ಜಾಗದಲ್ಲಿ ತಾನು ಕೂತಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಅತ್ತೆ ಮಾತು ರೆಕಾರ್ಡ್ ಮಾಡಿಟ್ಕೊಂಡಿದ್ರಾ? ಅದನ್ನ ಹಾಕಿದ್ರಾ ಈಗ?"

ಅವನು ಇಲ್ಲವೆಂದು ಕೂಗಿದ. ಕೇಳುವುದಿಲ್ಲವೆಂದು ನೆನಪಾಗಿ ಸೀಮೆಸುಣ್ಣದಲ್ಲಿ 'ಇಲ್ಲ' ಎಂದು ಬರೆದ. ಅದರ ಕೆಳಗೆ 'ಆಣೆ' ಎಂದು ಬರೆದ.

"ಅಡುಗೆಮನೆಯಿಂದ ನಾನೇ ಕೇಳಿಸ್ಕೊಂಡೆ. ಇಲಿಮರಿ ಅಂತ ಅವ್ಳನ್ನ ಕರೀತಿದ್ದಿದ್ದು ಅವ್ರೊಬ್ರೇ." ಅವಳು ಕಣ್ಣು ಮುಚ್ಚಿ ತೆರೆದಳು. "ನೋಡಿ, ಮುಂದಿನ ಭಾನುವಾರ ಸರಿಯಾಗಿ ಮಾತಾಡೋ ಹಾಗಿದ್ರೆ ಕರೆ ಮಾಡಿ. ಮತ್ತೆ ಹೀಗೇ ಆಗೋದಾದ್ರೆ ಈ ಕರೆನೇ ಬೇಡ. ಮಗು ಅದು. ಹೆದ್ರಿಸೋಕೆ ನಾನು ಬಿಡಲ್ಲ."

ಪರದೆ ಕಪ್ಪಾಯಿತು. ಅದರಲ್ಲಿ ಸೀಮೆಸುಣ್ಣ ಹಿಡಿದ ಅವನ ಮುಖವೇ ಬೆಪ್ಪಾಗಿ ನೋಡುತ್ತಿತ್ತು.

ಆ ಮನೆಯ ದನಿಯ ಕತೆಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವನ ತಾಯಿ ಹರೆಯದಲ್ಲೇ ನೂಲಿನ ಗಿರಣಿ ಸೇರಿದವಳು. ಗಿರಣಿ ಅವಳಿಗೆ ಅನ್ನ ಕೊಟ್ಟಿತು, ಕಿವಿ ತೆಗೆದುಕೊಂಡಿತು. ಮಗ ಮಾತು ಕಲಿತದ್ದೇ ಕಿವುಡಿಯ ಎದುರಿಗೆ, ಹಾಗಾಗಿ ಅವನು ಕಲಿತದ್ದು ಮಾತಲ್ಲ, ಕೂಗು. ಆ ಮನೆಯಲ್ಲಿ ಉಪ್ಪು ಮುಗಿದರೆ ಬೀದಿಯ ಕೊನೆಯವರೆಗೂ ತಿಳಿಯುತ್ತಿತ್ತು. ಅಮ್ಮ ಬೆನ್ನು ಹಾಕಿ ಕೂತಿದ್ದರೆ ಕರೆಯುವುದಕ್ಕೆ ಬೇರೊಂದು ರೂಢಿಯೂ ಇತ್ತು: ಹಲಗೆಯ ಮೇಲೆ ಎರಡು ಸಲ ಕಾಲು ಬಡಿಯುವುದು. ಅವಳು ಎಂದೂ ಮನೆಯೊಳಗೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅಂಗಾಲಿನಲ್ಲೇ ಕೇಳಿಸಿಕೊಂಡು, ಗೆಣ್ಣಿನಿಂದ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿ ಓಗೊಡುತ್ತಿದ್ದಳು. ತಟ್ಟಿ ತಟ್ಟಿ ಅಲ್ಲಿನ ಮರ ಸವೆದು ಗುಳಿ ಬಿದ್ದಿತ್ತು.

ಆಶ್ಚರ್ಯವೆಂದರೆ, ಎಲ್ಲರೂ ಕೂಗುತ್ತಿದ್ದ ಆ ಮನೆಯಲ್ಲಿ ಅವಳ ದನಿ ಮಾತ್ರ ಉಸಿರಿನಷ್ಟು ಸಣ್ಣದು. ತನ್ನ ದನಿ ತನಗೇ ಕೇಳದವಳು ಅದನ್ನು ಎಷ್ಟು ಎತ್ತಬೇಕೆಂದು ಹೇಗೆ ಬಲ್ಲಳು? ಯಂತ್ರಗಳ ನಡುವೆ ಎತ್ತಿ ಪ್ರಯೋಜನವಿಲ್ಲವೆಂದು ಕಂಡುಕೊಂಡು ಎತ್ತುವುದನ್ನೇ ಬಿಟ್ಟಿದ್ದಳು. ಯಾವ ಫೋನಿಗೂ ಅವಳ ಮಾತು ಸಿಕ್ಕಿದ್ದಿಲ್ಲ, ರೆಕಾರ್ಡು ಎಲ್ಲಿಂದ ಬರಬೇಕು! ಅದನ್ನು ಕೇಳುತ್ತಿದ್ದವಳು ಮೊಮ್ಮಗಳು ಒಬ್ಬಳೇ. ತೊಡೆಯ ಮೇಲೆ ಕೂತು, ಅಜ್ಜಿಯ ಬಾಯಿಯ ಹತ್ತಿರ ಕಿವಿ ಇಟ್ಟು ಕತೆ ಕೇಳುತ್ತಿದ್ದಳು. ಕತೆಗೆ ಹೂಂಗುಟ್ಟಬೇಕಲ್ಲ, ಆ ಹೂಂ ಅಜ್ಜಿಗೆ ಕೇಳದು. ಅದಕ್ಕೆ ಅವಳು ಹುಡುಗಿಯ ಬೆನ್ನಿಗೆ ಅಂಗೈ ಇಟ್ಟುಕೊಂಡಿರುತ್ತಿದ್ದಳು. ಬೆನ್ನು ಹೂಂ ಎಂದು ಅದುರಿದರೆ ಕತೆ ಮುಂದಕ್ಕೆ, ಇಲ್ಲವಾದರೆ ಇಲಿಮರಿಗೆ ನಿದ್ದೆ ಬಂತೆಂದು ಲೆಕ್ಕ.

ಹೆಂಡತಿ ಮೆಲುಮಾತಿನ ಮನೆಯಿಂದ ಬಂದವಳು. ಮೊದಮೊದಲು ಈ ಗದ್ದಲಕ್ಕೆ ನಗುತ್ತಿದ್ದಳು. ಆಮೇಲಾಮೇಲೆ ತಲೆ ಹಿಡಿದುಕೊಂಡು ಕೂರತೊಡಗಿದಳು. ಗಂಡ ಹೆಂಡಿರ ನಡುವೆ ದೊಡ್ಡ ಜಗಳಗಳೇನೂ ಆಗಲಿಲ್ಲ, ಆದರೆ ಆ ಮನೆಯಲ್ಲಿ ಆಡಿದ್ದೆಲ್ಲ ಜಗಳದ ಹಾಗೆಯೇ ಕೇಳಿಸುತ್ತಿತ್ತು. ಅವಳು ಮಗಳನ್ನು ಕರೆದುಕೊಂಡು ಹೊರಟು ನಿಂತ ದಿನ ಅವನು ಮೆಟ್ಟಿಲ ಮೇಲೆ ನಿಂತು "ಹೋಗಬೇಡ" ಎಂದ. ಅದೂ ಗದರಿದ ಹಾಗೆಯೇ ಕೇಳಿಸಿತು. ತನ್ನ ತಾಯಿ ಸತ್ತ ಸುದ್ದಿ ಅವನು ತಿಳಿಸಿದಾಗ ಅವಳು ಅತ್ತಳು, ಅತ್ತು, "ಮಗಳಿಗೆ ನಾನೇ ಹೇಳ್ತೀನಿ. ನೀವು ಫೋನಲ್ಲಿ ಕಿರುಚಿ ಹೇಳ್ಬೇಡಿ" ಎಂದಳು. ಅವಳಿಗೂ ಹೇಳಲು ಬಾಯಿ ಬರಲಿಲ್ಲ. ಮಗಳು ಕೇಳಿದಾಗಲೆಲ್ಲ ಅವನು 'ಮಲಗಿದಾಳೆ' ಎನ್ನುತ್ತಿದ್ದ. ಹೀಗೆ ಭಾನುವಾರದಿಂದ ಭಾನುವಾರಕ್ಕೆ ಅಜ್ಜಿ ಮಲಗಿಯೇ ಇದ್ದಳು.

ಮಾರನೆಯ ದಿನ ಬೆಳಗ್ಗೆ ಅವನು ಕಂಪ್ಯೂಟರ್ ರಿಪೇರಿ ಅಂಗಡಿಯಾಕೆಯನ್ನು ಕರೆತಂದ. ಅದೇ ಬೀದಿಯವಳು, ನಡುವಯಸ್ಸು, ಕನ್ನಡಕ ಹಣೆಯ ಮೇಲೆ. ಅವಳ ಅಂಗಡಿಯ ಕುರ್ಚಿಗೆ ಹೊಸ ಮೈ ಹೊಲಿದುಕೊಟ್ಟವನು ಇವನೇ, ಆ ದಾಕ್ಷಿಣ್ಯಕ್ಕೆ ಬಂದಿದ್ದಳು. ಅಜ್ಜಿಯ ಮಾತನ್ನು ಅವನು ಎತ್ತಲಿಲ್ಲ.

"ತೊಂದ್ರೆ ಏನು ಅಂತ ಮೆಲ್ಲಗೆ ಹೇಳಿ."

"ಮೆಲ್ಲಗೇ ಹೇಳ್ತಿದೀನಲ್ಲಾ!" ಎಂದ. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಕತ್ತೆತ್ತಿ ನೋಡಿದರು.

ಅಂಗಡಿಯಾಕೆ ನಗುತ್ತ ಕನ್ನಡಕ ಇಳಿಸಿ, ಅಲ್ಲಿ ಇಲ್ಲಿ ಒತ್ತಿ ಒಂದು ಪುಟ ತೆರೆದಳು. "ಇಗೋ, ಸಿಕ್ತು. 'ಮೈಕಿನ ಮಟ್ಟವನ್ನು ತಾನಾಗಿಯೇ ಹೊಂದಿಸು.' ಈ ಟಿಕ್ಕೇ ನಿಮ್ಮನೆ ಭೂತ. ಈ ಗುಂಡಿ ಇದೆಯಲ್ಲ, ಇದು ಮೈಕಿನ ಕಿವಿ ಅಂದ್ಕೊಳ್ಳಿ. ಬಲಕ್ಕೆ ಹೋದ್ರೆ ಕಿವಿ ತೆರೀತು, ಎಡಕ್ಕೆ ಹೋದ್ರೆ ಮುಚ್ತು. ಈಗ ಕೂಗಿ ನೋಡೋಣ."

ಅದನ್ನು ಅವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಕೂಗಿದ. ಪರದೆಯ ಮೇಲಿನ ಗುಂಡಿ, ಯಾರೂ ಮುಟ್ಟದೆ, ಬೆಚ್ಚಿ ಹಿಂದೆ ಸರಿದವರ ಹಾಗೆ ಎಡಕ್ಕೆ ಸರಿಯಿತು. ಇನ್ನಷ್ಟು ಕೂಗಿದ, ಇನ್ನಷ್ಟು ಸರಿದು ಮೂಲೆ ಸೇರಿತು.

"ನೋಡಿದ್ರಾ? ನೀವು ಕೂಗಿದ್ರೆ ಅದು ತಡೀಲಾರ್ದೆ ಕಿವಿ ಮುಚ್ಕೊಳ್ಳುತ್ತೆ. ಕೇಳಿಸ್ತಿಲ್ಲ ಅಂತ ನೀವು ಇನ್ನೂ ಕೂಗ್ತೀರಿ, ಅದು ಇನ್ನೂ ಮುಚ್ಕೊಳ್ಳುತ್ತೆ. ಆ ಕಡೆಯವ್ರಿಗೆ ಏನು ಕೇಳ್ಬೇಕು, ಪಾಪ!"

ಅವನಿಗೆ ಹೆಂಡತಿ ನೆನಪಾದಳು. ತಲೆ ಹಿಡಿದುಕೊಂಡು ಕೂರುತ್ತಿದ್ದ ಭಂಗಿ ನೆನಪಾಯಿತು.

"ಸುಮ್ನಿದ್ರೆ?" ಎಂದು ಕೇಳಿದ.

"ಸುಮ್ನಿದ್ರೆ ಯಾರೋ ಸಣ್ಣಗೆ ಮಾತಾಡ್ತಿರ್ಬೇಕು ಅನ್ಕೊಂಡು ಪೂರ್ತಿ ಕಿವಿ ತೆರೆಯುತ್ತೆ. ಪರೀಕ್ಷೆ ಕರೆ ಅಂತ ಒಂದಿದೆ, ನಾವು ಆಡಿದ್ದನ್ನ ನಮಗೇ ವಾಪಸ್ ಕೇಳಿಸುತ್ತೆ. ಅದಕ್ಕೆ ಮಾಡ್ತೀನಿ. ಇಬ್ರೂ ಬಾಯಿಗೆ ಬೀಗ."

ಕರೆ ಹೋಯಿತು. ಯಂತ್ರದ ಹೆಣ್ಣುದನಿ ಬೀಪ್ ಆದ ಮೇಲೆ ಮಾತನಾಡಿ ಎಂದಿತು. ಇಬ್ಬರೂ ಸುಮ್ಮನೆ ಕೂತರು. ಗುಂಡಿ ಮೂಲೆಯಿಂದ ಹೊರಟು ನಿಧಾನವಾಗಿ ಬಲಕ್ಕೆ ತೆವಳಿ ಕೊನೆ ಮುಟ್ಟಿತು. ಅದರ ಮೇಲೊಂದು ಹಸಿರು ಪಟ್ಟಿ ಇತ್ತು; ಸದ್ದು ಬಿದ್ದರೆ ಏಳುವಂಥದ್ದು. ಈಗ ನೆಲಕ್ಕೆ ಅಂಟಿ ಮಲಗಿತ್ತು. ಮಲಗಿದ್ದದ್ದು ಚಕ್ಕನೆ ಒಂದು ಸಲ ಎದ್ದು ಬಿತ್ತು. ಮತ್ತೊಂದು ಸಲ ಎದ್ದು ಬಿತ್ತು. ಆಮೇಲೆ ಸಣ್ಣಸಣ್ಣಗೆ, ಏಳುತ್ತ ಬೀಳುತ್ತ, ನಡುನಡುವೆ ಉಸಿರು ತೆಗೆದುಕೊಳ್ಳುವಷ್ಟು ತಡೆಯುತ್ತ ಆಡತೊಡಗಿತು.

ಅಂಗಡಿಯಾಕೆ ಫ್ಯಾನು ನೋಡಿದಳು. ಆರಿಸಿತ್ತು. ಕಿಟಕಿ ನೋಡಿದಳು. ಮುಚ್ಚಿತ್ತು. ವಾಪಸು ಕೇಳಿಸುವ ಹೊತ್ತಿಗೆ ಹೆಡ್‌ಫೋನು ಹಾಕಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖದ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪೂರ್ತಿ ಮುಗಿಯುವ ಮೊದಲೇ ತೆಗೆದು ಅವನ ಕೈಗೆ ಕೊಟ್ಟಳು.

ಅವನು ಹಾಕಿಕೊಂಡು, ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳಿದ.

"ಬರೀ ಸುಂಯ್ ಅಂತಿದೆ."

"ಅಷ್ಟೇನಾ?"

"ಅಷ್ಟೇ. ನಿಮಗೇನು ಕೇಳಿಸ್ತು?"

ಅವಳು ಅವನ ಕಿವಿ ನೋಡಿದಳು, ಗೋಡೆಗೆ ತೂಗಿಹಾಕಿದ್ದ, ಢಬಢಬ ಸದ್ದು ಮಾಡಿ ಪಿನ್ನು ಹೊಡೆಯುವ ಸ್ಟೇಪಲ್ ಗನ್ ನೋಡಿದಳು. "ಇದನ್ನ ಯಾವಾಗಿಂದ ಹೊಡೀತಿದೀರಿ?"

"ಮೀಸೆ ಬರೋಕೆ ಮುಂಚಿಂದ."

"ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಕೊಳ್ಳಿ," ಎಂದಳು. ಆ ಮಾತು ಅವನಿಗೆ ಸ್ಟೇಪಲ್ ಪಿನ್ನಿನ ಹಾಗೆ ನಾಟಿತು. ತಾಯಿಯ ಕಿವುಡಿಗೆ ಜೀವಮಾನವೆಲ್ಲ ಕೂಗಿದವನಿಗೆ ತನ್ನ ಕಿವಿಯೂ ಅದೇ ದಾರಿ ಹಿಡಿದಿರುವುದು ಹೊಳೆದಿರಲೇ ಇಲ್ಲ.

ಅಂಗಡಿಯಾಕೆ ಸರಸರನೆ ಟಿಕ್ಕು ತೆಗೆದು ಗುಂಡಿಯನ್ನು ನಡುವೆ ನಿಲ್ಲಿಸಿದಳು. "ಇನ್ನು ನೀವೆಷ್ಟು ಕೂಗಿದ್ರೂ ಇದು ಕದಲಲ್ಲ. ನಿಮ್ಮ ಮಾತು ಮಗಳಿಗೆ ಕೇಳುತ್ತೆ. ಸಣ್ಣಪುಟ್ಟ ಸದ್ದೆಲ್ಲ ಕೇಳಲ್ಲ. ಟಿಕ್ ಮಾತ್ರ ಮತ್ತೆ ಹಾಕ್ಬೇಡಿ." ಬಾಗಿಲ ಹತ್ತಿರ ನಿಂತು, "ಆ ಮೂಲೆ ಕುರ್ಚಿ ಯಾರ್ದು?" ಎಂದಳು.

"ಅಮ್ಮಂದು. ಹೊಸ ಬಟ್ಟೆ ಹಾಕ್ಬೇಕು ಅಂತಿದ್ದೆ."

"ಏನೂ ಹಾಕ್ಬೇಡಿ. ಹಾಗೇ ಇರ್ಲಿ," ಎಂದು, ಅವನು ಕಾಫಿ ಮಾಡ್ತೀನಿ ಅನ್ನುವುದರೊಳಗೆ ಮೆಟ್ಟಿಲಿಳಿದಳು.

ಆ ವಾರವೆಲ್ಲ ಅವನ ಕೈಗೆ ಕೆಲಸ ಹತ್ತಲಿಲ್ಲ. ಕುರ್ಚಿಗೆ ಬೆನ್ನು ಹಾಕಿ ಕೂತರೆ ಬೆನ್ನು ಜುಮ್ಮೆನ್ನುತ್ತಿತ್ತು, ಎದುರಿಗೆ ಕೂತರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೆತ್ತ ತಾಯಿಗೆ ಹೆದರುವ ಸ್ಥಿತಿ ಬಂತಲ್ಲ ಎಂದು ನಾಚಿಕೆಯೂ ಆಯಿತು. ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಿನಂಥದ್ದೇನೋ ಒಳಗೆ ಕೊರೆಯುತ್ತಿತ್ತು. ಮಗಳಿಗೆ ಕೇಳಿಸಿತು, ಹೆಂಡತಿಗೆ ಕೇಳಿಸಿತು, ಬೀದಿಯ ಅಂಗಡಿಯವಳಿಗೂ ಕೇಳಿಸಿತು. ತನಗೊಬ್ಬನಿಗೆ ಸುಂಯ್. ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಹಲಗೆಯ ಮೇಲೆ ಎರಡು ಸಲ ಕಾಲು ಬಡಿದ. ಕುರ್ಚಿಯ ಕೈ ನೋಡುತ್ತ ನಿಂತ. ಕೆಳಗೆ ಗೋದಾಮಿನಲ್ಲಿ ಆ ಸದ್ದು ಸತ್ತುಹೋಯಿತು. ಅಮ್ಮನ ಕೊನೆಯ ಸಂಜೆ ಅವನು ಒಂದು ಸೋಫಾಕ್ಕೆ ಪಿನ್ನು ಹೊಡೆಯುತ್ತಿದ್ದ. ಅವಳ ತುಟಿ ಆಡುತ್ತಿದ್ದುದನ್ನು ಕಂಡು "ಆಮೇಲೆ ಹೇಳು" ಎಂದು ಕೂಗಿದ್ದ. ಅವಳು ನಕ್ಕು ಕೈ ಆಡಿಸಿ ಸುಮ್ಮನಾಗಿದ್ದಳು.

ಭಾನುವಾರ ಬಂತು. ಇಸ್ತ್ರಿಯ ಅಂಗಿ ತೊಟ್ಟು, ಟಿಕ್ಕು ಇಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡು ಕರೆ ಮಾಡಿದ.

"ಕೇಳ್ತಿದೆಯಾ?"

"ಅಯ್ಯೋ, ಕೇಳ್ತಿದೆ ಅಪ್ಪ! ಕಿರುಚಬೇಡ!" ಮಗಳು ಎರಡೂ ಕಿವಿ ಮುಚ್ಚಿಕೊಂಡು ನಕ್ಕಳು. ಮುಂದಿನ ಹಲ್ಲೊಂದು ಬಿದ್ದಿತ್ತು. ಅವಳ ಹಿಂದೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಕತ್ತೆತ್ತಿ ಒಮ್ಮೆ ನೋಡಿ, ಪರವಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿದಳು. ಸೋಫಾದವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಹಲ್ಲು ಬಿದ್ದದ್ದು ಹೇಗೆ, ಅದನ್ನು ಎಲ್ಲಿ ಎಸೆದಳು, ತರಗತಿಯಲ್ಲಿ ಯಾರ ಪಕ್ಕ ಕೂರುತ್ತಾಳೆ, ಎಲ್ಲ ಕೇಳಿದ. ಎಲ್ಲಕ್ಕೂ ಉತ್ತರ ಬಂತು. ಹೀಗೆಯೇ ಇದ್ದುಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಅವನ ಮನಸ್ಸು ಹೇಳಿಕೊಂಡಿತು.

"ಅಪ್ಪ, ಅಜ್ಜಿ ಎಲ್ಲಿ? ಹೋದ್ವಾರ ಅರ್ಧಕ್ಕೆ ನಿಲ್ಸಿದ್ಲು."

"ಏನನ್ನ?"

"ಅಪ್ಪಂಗೆ ಹೇಳು ಅಂದ್ಲು. ಏನು ಹೇಳ್ಲಿ ಅನ್ನೋಷ್ಟ್ರಲ್ಲಿ ನೀನು ಟರ್ರ್ ಅಂದೆ."

ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು. ಮಲಗಿದಾಳೆ ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದು ಕೂತಿತ್ತು. ಒಂದು ಉಸಿರು ಬಿಟ್ಟರೆ ಹೊರಬಿದ್ದು ಈ ಭಾನುವಾರವೂ ದಾಟಿಹೋಗುತ್ತಿತ್ತು. ಅವನು ಹೆಂಡತಿಯನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಆಮೇಲೆ ಅವಳು ಅಂಗೈಯನ್ನು ಕೆಳಮುಖ ಮಾಡಿ, ಮಗುವಿನ ತಲೆ ನೇವರಿಸುವ ಹಾಗೆ ಗಾಳಿಯಲ್ಲಿ ಇಳಿಸಿದಳು. ಹೇಳಿ. ಮೆಲ್ಲಗೆ.

ಮೆಲ್ಲಗೆ ಮಾತಾಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಮ್ಮನ ತುಟಿ ನೆನಪು ಮಾಡಿಕೊಂಡ. ಎದೆಯಿಂದ ನುಗ್ಗಿ ಬರುವ ದನಿಯನ್ನು ಗಂಟಲಲ್ಲೇ ಹಿಡಿದು, ಉಳಿದ ಉಸಿರಿನಲ್ಲಿ ಹೇಳಿದ.

"ಏನಪ್ಪ? ಕೇಳ್ತಿಲ್ಲ."

ಮತ್ತೆ ಹೇಳಿದ. ಹಸಿರು ಪಟ್ಟಿ ಮಲಗಿದಲ್ಲಿಂದ ಏಳಲಿಲ್ಲ. ನಡುವೆ ನಿಲ್ಲಿಸಿದ ಗುಂಡಿ ಕಲ್ಲಿನ ಹಾಗೆ ನಿಂತಿತ್ತು. ಕೂಗಿದ್ದನ್ನೆಲ್ಲ ದಾಟಿಸುತ್ತಿದ್ದ ಮೈಕು, ಅವನು ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಆಡಿದ್ದನ್ನು ದಾಟಿಸಲಿಲ್ಲ. ಇನ್ನು ಸ್ವಲ್ಪ ಎತ್ತರಿಸಿದರೆ ಸಾಕಿತ್ತು. ಆದರೆ ಅವನಿಗೆ ಸ್ವಲ್ಪ ಎನ್ನುವುದೇ ಬಾರದು, ಎತ್ತಿದರೆ ಕೂಗು. ಆ ಒಂದು ಮಾತನ್ನು ಕೂಗಿ ಹೇಳುವುದಕ್ಕೆ ಅವನಿಂದ ಆಗುತ್ತಿರಲಿಲ್ಲ.

ಅಂಗಡಿಯಾಕೆ ತೋರಿಸಿದ್ದ ಪುಟ ತೆರೆದ. ಟಿಕ್ಕಿನ ಖಾಲಿ ಚೌಕದ ಮೇಲೆ ಬಾಣ ತಂದು ನಿಲ್ಲಿಸಿದ. ಇದನ್ನು ಒತ್ತಿದರೆ ಏನೇನು ಕೇಳೀತೆಂದು ಅವನಿಗೆ ಗೊತ್ತಿತ್ತು. ಕೇಳಿದರೆ ಹೆಂಡತಿ ಏನು ಮಾಡುವಳೆಂಬುದೂ ಗೊತ್ತಿತ್ತು. ಒತ್ತಿದ.

ಗುಂಡಿ ಬಲಕ್ಕೆ ತೆವಳಿತು. ಅವನು ಬಗ್ಗಿ, ಉಸಿರಿನಷ್ಟೇ ದನಿಯಲ್ಲಿ ಹೇಳಿದ:

"ಅಜ್ಜಿ ಸತ್ತುಹೋದ್ಲು ಕಂದ. ಮಳೆ ಶುರುವಾಗೋಕೆ ಮುಂಚೆನೇ. ಮಲಗಿದಾಳೆ ಅಂತ ನಾನು ಸುಳ್ಳು ಹೇಳ್ತಿದ್ದೆ. ನಿಂಗೆ ಹೇಳೋಕೆ ನನ್ನ ಹತ್ರ ಇಷ್ಟು ಸಣ್ಣ ದನಿ ಇರ್ಲಿಲ್ಲ."

ಮಗಳು ಅವನನ್ನೇ ನೋಡಿದಳು.

"ನಿನ್ನ ದನಿ ಅಜ್ಜಿ ಥರಾನೇ ಇದೆ," ಎಂದಳು. ಆಮೇಲೆ ಅವಳ ಗಲ್ಲ ನಡುಗಿತು, ಕಣ್ಣು ತುಂಬಿತು. ಹೆಂಡತಿ ಬಟ್ಟೆ ಬಿಟ್ಟು ಎದ್ದು ಬಂದಳು. ಅವನು ಬಾಯಿ ಮುಚ್ಚಿದ. ಮೂವರೂ ಸುಮ್ಮನಾದರು. ಗುಂಡಿ ಬಲದ ಕೊನೆ ಮುಟ್ಟಿ ನಿಂತಿತು.

ಹಸಿರು ಪಟ್ಟಿ ಒಂದು ಸಲ ಎದ್ದು ಬಿತ್ತು. ಮತ್ತೊಂದು ಸಲ.

ಇನ್ನೇನು ಅಳಬೇಕೆಂದಿದ್ದ ಹುಡುಗಿ ಬೆರಳೆತ್ತಿ ತುಟಿಗೆ ಇಟ್ಟುಕೊಂಡಳು. ತಲೆ ಒಂದು ಕಡೆಗೆ ವಾಲಿತು. ಕೂತಲ್ಲೇ ಅವಳ ಬೆನ್ನು ನೆಟ್ಟಗಾಗಿ, ಯಾರೋ ಅಂಗೈ ಇಟ್ಟರೆ ಒರಗಿಕೊಳ್ಳುವ ಹಾಗೆ ಕೊಂಚ ಹಿಂದಕ್ಕೆ ಹೋಯಿತು.

"ಹೂಂ," ಎಂದಳು.

ಲ್ಯಾಪ್‌ಟಾಪು ಮುಚ್ಚಲೆಂದು ಚಾಚಿದ ಹೆಂಡತಿಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಅವಳ ಕಣ್ಣು ಅವನನ್ನು ದಾಟಿ ಹಿಂದೆಲ್ಲೋ ನೆಟ್ಟಿತ್ತು.

"ಹೂಂ," ಎಂದಳು ಮಗಳು ಮತ್ತೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸೋಫಾದವನಿಗೆ ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಪಟ್ಟಿ ಸಣ್ಣಗೆ ಏಳುತ್ತಿತ್ತು, ಬೀಳುತ್ತಿತ್ತು, ಉಸಿರಿಗೆಂದು ತಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಏನಂತೆ, ಏನು ಹೇಳ್ತಿದಾಳೆ ಎಂಬ ಕೂಗು ಅವನ ಎದೆಯಿಂದ ಹೊರಟು ಗಂಟಲಿಗೆ ಬಂತು. ಹಲ್ಲು ಕಚ್ಚಿ ಅದನ್ನು ಅಲ್ಲೇ ಹಿಡಿದ. ಒಂದು ಸದ್ದು ಮಾಡಿದರೆ ಗುಂಡಿ ಸರಿದುಹೋಗುತ್ತದೆ. ತಿರುಗಿಯೂ ನೋಡಲಿಲ್ಲ, ತಿರುಗಿದರೆ ತನ್ನ ಕುರ್ಚಿ ಕಿರುಗುಟ್ಟುತ್ತದೆ.

"ಹೂಂ," ಎಂದಳು ಮಗಳು.

ಅವನು ಸದ್ದಾಗದ ಹಾಗೆ ಕಾಲನ್ನು ಚಪ್ಪಲಿಯಿಂದ ಬಿಡಿಸಿಕೊಂಡ. ಅಂಗಾಲನ್ನು ಮೆಲ್ಲಗೆ ಹಲಗೆಯ ಮೇಲೆ ಊರಿ, ಕಾಯುತ್ತ ಕೂತ.